ಇಪ್ಪತ್ತೈದು ಎಣಿಸಲು ಬಾರದ ಮಕ್ಕಳಿಗೆ ಎಂಜಿನಿಯರಿಂಗ್ ಡಿಸೈನ್ ಕಲಿಸಬಹುದಾ?

ಪ್ರಶ್ನೆ: ನಾನು ಸಾಗರದ ಕಡೆಯ ಒಂದು ವಿಶೇಷ ಶಾಲೆಯಲ್ಲಿ ಶಿಕ್ಷಕಿ. ನನ್ನ ತರಗತಿಯಲ್ಲಿ 15ರಿಂದ 19 ವರ್ಷದ ಒಂಬತ್ತು ಮಕ್ಕಳಿದ್ದಾರೆ. ಆರು ಮಂದಿಗೆ ಬೌದ್ಧಿಕ ಅಸಾಮರ್ಥ್ಯ, ಇಬ್ಬರಿಗೆ ಆಟಿಸಂ, ಒಬ್ಬಳಿಗೆ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲಿನ ಹಿಡಿತ ತಪ್ಪುವ ಸ್ಥಿತಿ). ಇಷ್ಟು ದಿನ ಮೇಣದಬತ್ತಿ, ಪೇಪರ್ ಕವರ್ ಮಾಡಿಸುತ್ತಿದ್ದೆವು. ಈಗ ಪಕ್ಕದೂರಿನ ಅಡಿಕೆ ಹಾಳೆ ತಟ್ಟೆ ಘಟಕದವರು 25 ತಟ್ಟೆಯ ಕಟ್ಟು ಮಾಡಿ ಕವರ್ ಹಾಕುವ ಕೆಲಸ ಕೊಡಲು ಒಪ್ಪಿದ್ದಾರೆ. ಆದರೆ ಎಣಿಕೆ ತಪ್ಪುತ್ತಲೇ ಇದೆ. ಈ ನಡುವೆ ಒಂದು ತರಬೇತಿಯಲ್ಲಿ ‘ಇಂಥ ಮಕ್ಕಳಿಗೂ ಕೆಲಸದ ಮೂಲಕ ಎಂಜಿನಿಯರಿಂಗ್ ಡಿಸೈನ್ ಕಲಿಸಬಹುದು’ ಅಂದರು. ಓದು ಬರಹ ಬಾರದ ಮಕ್ಕಳಿಗೆ ಇದು ಆಗುವ ಮಾತೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ಖಂಡಿತ ಆಗುತ್ತದೆ. ಅದಕ್ಕೆ ಬೇಕಾದ ಪಾಠವೂ ನಿಮ್ಮ ತರಗತಿಯಲ್ಲೇ ಇದೆ. ತಪ್ಪುತ್ತಿರುವ ಆ ಎಣಿಕೆಯೇ ಪಾಠ.

ಡಿಸೈನ್ ಅಂದ ತಕ್ಷಣ ನಮಗೆ ನೆನಪಾಗುವುದು ಡ್ರಾಯಿಂಗ್ ಬೋರ್ಡು, ಕಂಪ್ಯೂಟರು, ಲೆಕ್ಕ. ಅವೆಲ್ಲ ಆಮೇಲೆ ಬಂದ ಸಲಕರಣೆಗಳು. ಕೆಲಸ ಎಲ್ಲಿ ಕೆಡುತ್ತಿದೆ ಅಂತ ನೋಡಬೇಕು. ಅದಕ್ಕೊಂದು ಉಪಾಯ ಮಾಡಬೇಕು. ಉಪಾಯ ಫಲಿಸಿತಾ ಅಂತ ಕೆಲಸ ಮಾಡಿಯೇ ನೋಡಬೇಕು. ಫಲಿಸದಿದ್ದರೆ ಬದಲಾಯಿಸಬೇಕು. ಡಿಸೈನ್ ಅಂದರೆ ಇಷ್ಟೇ. ಇದರಲ್ಲಿ ಅಕ್ಷರ ಎಲ್ಲೂ ಬರಲಿಲ್ಲ, ಅಲ್ವಾ?

ಅಡಿಕೆ ಸುಲಿತದ ಮನೆಗೆ ಹೋದವರೆಲ್ಲ ಮೆಟ್ಟುಗತ್ತಿ ನೋಡಿರುತ್ತಾರೆ. ಅಲಗು ಮಣೆಗೆ ಭದ್ರವಾಗಿ ಕೂತಿರುತ್ತದೆ. ಸುಲಿಯುವವರು ಕಾಯನ್ನು ಅಲಗಿಗೆ ಒತ್ತುತ್ತಾರೆ. ಕತ್ತಿ ಹಿಡಿಯುವ ಕೆಲಸವೇ ಕೈಗಿಲ್ಲ, ಎರಡೂ ಕೈ ಕಾಯಿಗೆ ಸಿಗುತ್ತವೆ. ರಾತ್ರಿ ಬಹಳ ಹೊತ್ತಿನವರೆಗೆ ಮಾತಾಡುತ್ತ ಸುಲಿಯಲು ಆಗುವುದು ಇದರಿಂದಲೇ. ಹಾಗೇ ನಮ್ಮ ಅಜ್ಜಿಯರ ಸೇರು, ಕೊಳಗ ನೋಡಿ. ಅಕ್ಕಿ ತುಂಬಿ ಮೇಲೆ ಕೈಯಾಡಿಸಿದರೆ ಅಳತೆ ಮುಗಿಯಿತು. ಅಂಕಿ ಓದಬೇಕಿಲ್ಲ, ಮುಳ್ಳು ನೋಡಬೇಕಿಲ್ಲ. ಲೆಕ್ಕ ಇಡುವ ಕೆಲಸವನ್ನು ತಲೆಯಿಂದ ತೆಗೆದು ಪಾತ್ರೆಗೆ ಕೊಟ್ಟಿದ್ದಾರೆ. ಶಿವಮೊಗ್ಗದ ಯಾವ ಲೇತ್ ಅಂಗಡಿಗೆ ಹೋದರೂ ಇದೇ ಮಾತನ್ನು ‘ಜಿಗ್’, ‘ಫಿಕ್ಸ್‌ಚರ್’ ಅನ್ನುವ ಹೆಸರಲ್ಲಿ ಕೇಳುತ್ತೀರಿ, ಅಂದರೆ ಕೆಲಸದ ವಸ್ತುವನ್ನೋ ಉಪಕರಣವನ್ನೋ ಸರಿಯಾದ ಜಾಗದಲ್ಲಿ ಹಿಡಿದು ನಿಲ್ಲಿಸುವ ಸಾಧನ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದ ಜಿಲ್ಲೆ ನಮ್ಮದು, ಈ ಪದಗಳು ಇಲ್ಲಿ ಯಾರಿಗೂ ಹೊಸತಲ್ಲ.

ಹಾಗಾದರೆ ನಿಮ್ಮ ಮಕ್ಕಳಿಗೆ ಕಲಿಸಬೇಕಾದ್ದು ಏನು? ಇಪ್ಪತ್ತೈದರವರೆಗೆ ಎಣಿಸುವುದನ್ನಲ್ಲ. ಎಣಿಕೆ ತಪ್ಪದ ಹಾಗೆ ಮೇಜನ್ನು ಬದಲಾಯಿಸುವುದನ್ನು. ತಪ್ಪು ಮಗುವಿನದ್ದಲ್ಲ, ಮೇಜಿನದ್ದು. ಈ ಒಂದು ಮಾತನ್ನು ನೀವು ನಂಬಿದರೆ ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ಇದು ಕನಿಕರದಿಂದ ಹುಟ್ಟಿದ ಮಾತಲ್ಲ, ದೊಡ್ಡ ಕಾರ್ಖಾನೆಗಳೇ ನಡೆದು ಬಂದ ದಾರಿ. ಜಪಾನಿನ ಶಿಗೆಯೊ ಶಿಂಗೊ ಎಂಬ ಎಂಜಿನಿಯರ್ 1960ರ ದಶಕದಲ್ಲಿ ಇದನ್ನೊಂದು ಪದ್ಧತಿಯಾಗಿ ಬೆಳೆಸಿದರು. ಕೆಲಸಗಾರ ತಪ್ಪಬಾರದು ಅಂತ ಬೈಯುವ ಬದಲು, ತಪ್ಪಲು ಜಾಗವೇ ಇಲ್ಲದಂತೆ ಸಲಕರಣೆ ಮಾಡುವುದು. ಮೊದಮೊದಲು ಅದನ್ನು ‘ಬಕಾ-ಯೋಕೆ’ ಅನ್ನುತ್ತಿದ್ದರು. ದಡ್ಡರು ತಪ್ಪು ಮಾಡದಂತೆ ತಡೆ ಅನ್ನುವ ಅರ್ಥ. ಆ ಹೆಸರು ಕೇಳಿ ಒಬ್ಬ ಕೆಲಸಗಾರ್ತಿ ನೊಂದುಕೊಂಡಳು. ಆಮೇಲೆ ಹೆಸರನ್ನು ‘ಪೋಕಾ-ಯೋಕೆ’ ಅಂತ ಬದಲಾಯಿಸಿದರು, ಅಂದರೆ ಕೈತಪ್ಪಿಗೆ ತಡೆ. ನಿಮ್ಮ ಮೊಬೈಲಿನ ಸಿಮ್ ಕಾರ್ಡಿನ ಒಂದು ಮೂಲೆ ಕತ್ತರಿಸಿರುತ್ತದಲ್ಲ, ಅದು ಇದೇ. ಉಲ್ಟಾ ಹಾಕಲು ಹೋದರೆ ಕೂರುವುದೇ ಇಲ್ಲ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥ್ ಪಿನ್ ದಪ್ಪಗಿರುವುದೂ ಇದಕ್ಕೇ. ತರಗತಿಗೆ ಒಂದು ಹಳೇ ಪ್ಲಗ್ ಮತ್ತು ವೈರ್ ಜೋಡಿಸದ ಸಾಕೆಟ್ ಒಯ್ಯಿರಿ. ತಿರುಗಾಮುರುಗಾ ಹಾಕಲು ಮಕ್ಕಳಿಗೆ ಬಿಡಿ. ಅದು ಹೋಗದೇ ಇದ್ದಾಗ ಅವರ ಮುಖ ನೋಡಿ. ಡಿಸೈನಿನ ಮೊದಲ ತರಗತಿ ಅಲ್ಲಿಗೆ ಮುಗಿಯಿತು.

ವಿಶೇಷ ಶಿಕ್ಷಣದ ಒಳಗಿನಿಂದಲೂ ಒಂದು ಉದಾಹರಣೆ ಹೇಳುತ್ತೇನೆ, ಯಾಕೆಂದರೆ ನಿಮ್ಮ ಅನುಮಾನ ಅಲ್ಲಿದೆ. ಅಮೆರಿಕದಲ್ಲಿ ಮಾರ್ಕ್ ಗೋಲ್ಡ್ ಎಂಬವರು ಬೌದ್ಧಿಕ ಅಸಾಮರ್ಥ್ಯ ಜಾಸ್ತಿ ಇರುವ 64 ಜನರಿಗೆ ಸೈಕಲ್ ಬ್ರೇಕ್ ಜೋಡಿಸುವುದನ್ನು ಕಲಿಸಿದರು. ಅದರಲ್ಲಿ ಹದಿನೈದು ಬಿಡಿಭಾಗ. ಅರ್ಧ ಜನರಿಗೆ ಕಾರ್ಖಾನೆಯಿಂದ ಬಂದ ಹಾಗೇ ಭಾಗಗಳನ್ನು ಕೊಟ್ಟರು. ಉಳಿದ ಅರ್ಧಕ್ಕೆ, ಪ್ರತಿ ಭಾಗದಲ್ಲೂ ಜೋಡಿಸುವವರ ಕಡೆಗೆ ಬರಬೇಕಾದ ಮುಖಕ್ಕೆ ಕೆಂಪು ಬಣ್ಣ ಬಳಿದು ಕೊಟ್ಟರು. ಬಣ್ಣ ಇದ್ದವರು ಬೇಗ ಕಲಿತರು. ಆಮೇಲೆ 24 ಭಾಗಗಳ ಇನ್ನೊಂದು ಬ್ರೇಕನ್ನೂ ಜೋಡಿಸಿದರು. ಇದು ಪ್ರಕಟವಾದದ್ದು 1972ರಲ್ಲಿ. ಕಲಿಸುವಾಗ ಗೋಲ್ಡ್ ಮಾತನ್ನು ತುಂಬ ಕಡಿಮೆ ಮಾಡುತ್ತಿದ್ದರು. ತಪ್ಪಿದಾಗ ‘ತಪ್ಪು’ ಅನ್ನುತ್ತಿರಲಿಲ್ಲ, ‘ಬೇರೆ ಥರ ಮಾಡಿ ನೋಡು’ ಅನ್ನುತ್ತಿದ್ದರು. ಈ ಒಂದು ವಾಕ್ಯ ನಿಮ್ಮ ತರಗತಿಗೂ ಇರಲಿ.

ಈಗ ನಿಮ್ಮ ತಟ್ಟೆಗೆ ಬರೋಣ. ಇದರಲ್ಲಿ ನಾನೇ ಒಮ್ಮೆ ತಪ್ಪಿದ್ದೇನೆ, ಅದನ್ನು ಪೂರ್ತಿ ಹೇಳಬೇಕು. ನಾನು ಮೆಕ್ಯಾನಿಕಲ್ ಓದಿದವನು, ವಿಶೇಷ ಶಾಲೆಗಳಿಗೆ ಸಲಕರಣೆ ಮಾಡಿಕೊಡುತ್ತ ಈ ಕೆಲಸಕ್ಕೆ ಬಂದವನು. ಕೆಲವು ವರ್ಷದ ಹಿಂದೆ ಮಲೆನಾಡಿನ ಒಂದು ಶಾಲೆಯವರು ಇದೇ ಸಮಸ್ಯೆ ಹೇಳಿದರು. ನಾನು ಇಪ್ಪತ್ತೈದು ತಟ್ಟೆ ಪೇರಿಸಿ ಎತ್ತರ ಅಳೆದೆ. ಆ ಎತ್ತರಕ್ಕೆ ಸರಿಯಾಗಿ ಒಂದು ಕಬ್ಬಿಣದ ಚೌಕಟ್ಟು ಮಾಡಿಸಿದೆ. ಅದು ತುಂಬುವವರೆಗೆ ಪೇರಿಸಿದರೆ ಆಯಿತು, ಸೇರಿನ ಹಾಗೆ. ಒಂದೇ ದಿನದಲ್ಲಿ ಅದು ಕೈಕೊಟ್ಟಿತು. ಹಾಳೆಯ ದಪ್ಪ ಮರದಿಂದ ಮರಕ್ಕೆ ಬೇರೆ. ಒಂದೇ ಹಾಳೆಯಲ್ಲೂ ಬುಡದ ಕಡೆ ದಪ್ಪ, ತುದಿಯ ಕಡೆ ತೆಳು. ಒಂದು ಕಟ್ಟಿಗೆ ಇಪ್ಪತ್ತಮೂರಕ್ಕೇ ಚೌಕಟ್ಟು ತುಂಬಿತು, ಇನ್ನೊಂದಕ್ಕೆ ಇಪ್ಪತ್ತೇಳು ಹಿಡಿಯಿತು. ತೂಕ ಮಾಡಿದರೂ ಇದೇ ಕಥೆ, ಮಳೆಗಾಲದಲ್ಲಿ ಹಾಳೆ ತೇವ ಎಳೆದುಕೊಳ್ಳುತ್ತದೆ. ಬೋಲ್ಟ್, ನಟ್ ಆಗಿದ್ದರೆ ತೂಕ ಸರಿಹೋಗುತ್ತಿತ್ತು. ಅವು ಒಂದೇ ಅಚ್ಚು, ಹಾಳೆ ಹಾಗಲ್ಲ.

ಮುಂದೆ ಒಂದು ಹಲಗೆಯಲ್ಲಿ ಐದು ಸಾಲಿಗೆ ಐದರಂತೆ ಗುಳಿ ಕೊರೆದೆ. ಚೆನ್ನೆಮಣೆಯ ಥರ. ಪ್ರತಿ ಗುಳಿಯಲ್ಲಿ ಒಂದು ಅಡಿಕೆ. ಒಂದು ತಟ್ಟೆ ಇಟ್ಟರೆ ಒಂದು ಅಡಿಕೆ ತೆಗೆದು ಡಬ್ಬಕ್ಕೆ ಹಾಕಬೇಕು. ಗುಳಿ ಖಾಲಿ ಆದರೆ ಕಟ್ಟು ಪೂರ್ತಿ. ಆಟಿಸಂ ಇರುವ ಒಬ್ಬ ಹುಡುಗನಿಗೆ ಇದು ಎಷ್ಟು ಒಗ್ಗಿತೆಂದರೆ ಒಂದು ಸಲವೂ ತಪ್ಪಲಿಲ್ಲ. ಉಳಿದವರು ಅಡಿಕೆ ತೆಗೆಯುವುದನ್ನು ಮರೆತರು, ಇಲ್ಲವೇ ಎರಡು ತೆಗೆದರು. ಅಂಟಿಕೊಂಡ ಎರಡು ತಟ್ಟೆಯನ್ನು ಒಂದು ಅಂತ ಇಟ್ಟರು.

ಆಗ ಆ ಶಾಲೆಯ ಶಿಕ್ಷಕಿ ಒಂದು ಮಾತು ಕೇಳಿದರು: ‘ಸಾರ್, ಡಿಸೈನ್ ಮಾಡ್ತಿರೋದು ನೀವು. ಮಕ್ಕಳು ಏನು ಮಾಡ್ತಿದಾರೆ?’ ಅವರ ಮಾತು ಸರಿಯಾಗಿತ್ತು. ಮಕ್ಕಳು ನನ್ನ ಉಪಾಯವನ್ನು ಬಳಸುತ್ತಿದ್ದರು ಅಷ್ಟೆ. ಅದು ಕೆಲಸದ ತರಬೇತಿ ಆಗುತ್ತದೆ, ಡಿಸೈನ್ ಪಾಠ ಆಗುವುದಿಲ್ಲ.

ಮರುದಿನದಿಂದ ನಾನು ಸುಮ್ನೆ ಕೂತೆ. ಮೇಜಿನ ಮೇಲೆ ರಟ್ಟು, ಅಡಿಕೆ ದಬ್ಬೆ, ಬಟ್ಟೆ ಒಗೆಯುವ ಕ್ಲಿಪ್ಪು, ಖಾಲಿ ಡಬ್ಬ, ಪಾತ್ರೆ ಒಣಗಿಸುವ ಒಂದು ಸ್ಟ್ಯಾಂಡ್ ಇಟ್ಟೆವು. ಹೆಚ್ಚು ಮಾತಾಡದ ಒಬ್ಬ ಹುಡುಗ ಇದ್ದ. ಅವನು ತಟ್ಟೆಗಳನ್ನು ಒಂದೊಂದಾಗಿ ಆ ಪಾತ್ರೆ ಸ್ಟ್ಯಾಂಡಿನಲ್ಲಿ ನಿಲ್ಲಿಸತೊಡಗಿದ. ಮನೆಯಲ್ಲಿ ಅಮ್ಮ ತೊಳೆದ ಬಟ್ಟಲನ್ನು ಹಾಗೆ ನಿಲ್ಲಿಸುತ್ತಾರೆ, ಅದನ್ನೇ ಮಾಡಿದ. ಪ್ರತಿ ತಟ್ಟೆಗೂ ಒಂದು ಸ್ವಂತ ಜಾಗ. ಜಾಗ ಖಾಲಿ ಇದ್ದರೆ ಕಣ್ಣಿಗೆ ಕಾಣುತ್ತದೆ. ಎಣಿಸುವುದು ಬೇಡ, ನೆನಪಿಡುವುದು ಬೇಡ.

ಎರಡು ದಬ್ಬೆಗೆ ಇಪ್ಪತ್ತೈದು ಗರಗಸದ ಸೀಳು ಹಾಕಿದೆವು. ಸೀಳಿನಿಂದ ಸೀಳಿಗೆ ಎರಡೂವರೆ ಸೆಂಟಿಮೀಟರ್, ಒಟ್ಟು ಎರಡು ಅಡಿಯ ಮೇಲೆ ಸ್ವಲ್ಪ. ಸೆರೆಬ್ರಲ್ ಪಾಲ್ಸಿ ಇರುವ ಹುಡುಗಿಯ ಕೈ ಗುರಿ ಮುಟ್ಟುವ ಹೊತ್ತಿಗೆ ನಡುಗುತ್ತಿತ್ತು. ಅವಳ ತಟ್ಟೆ ಸೀಳಿನ ಅಂಚಿಗೆ ತಾಗಿ ನಿಲ್ಲುತ್ತಿತ್ತು. ನಾಲ್ಕನೇ ಸಲ ತಾಗಿದಾಗ ಅವಳು ಎಡಗೈಯ ಎರಡು ಬೆರಳನ್ನು ಸೀಳಿನ ಮೇಲಿಟ್ಟು ಹಿಗ್ಗಿಸಿ ತೋರಿಸಿದಳು. ‘ಬಾಯಿ’ ಅಂದಳು. ಬಾಯಿ ಅಗಲ ಮಾಡಿ ಅಂತ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಇದನ್ನು ಚಾಂಫರ್ ಅಂತ ಕಲಿಸುತ್ತಾರೆ. ಅವಳು ಅದನ್ನು ತನ್ನ ಕೈಯಿಂದಲೇ ಕಂಡುಕೊಂಡಳು.

ಸೀಳಿನ ಬಾಯಿಯನ್ನು ಅರದಿಂದ ಉಜ್ಜಿ ಅಗಲ ಮಾಡಿದೆವು. ಬುಡವನ್ನು ಕಿರಿದಾಗಿಯೇ ಬಿಟ್ಟೆವು, ಮಣಿಯನ್ನು ಕೂರಿಸುವ ಒಡವೆಯ ಗೂಡಿನ ಹಾಗೆ. ಇದರಿಂದ ನಾವು ಯೋಚಿಸದೇ ಇದ್ದ ಇನ್ನೊಂದು ಲಾಭ ಆಯಿತು. ಒಂದೇ ತಟ್ಟೆ ಆದರೆ ಬುಡದ ತನಕ ಇಳಿಯುತ್ತದೆ. ಅಂಟಿಕೊಂಡ ಎರಡು ತಟ್ಟೆ ಆದರೆ ಅರ್ಧದಲ್ಲೇ ಸಿಕ್ಕಿಕೊಂಡು ಉಳಿದವಕ್ಕಿಂತ ಎತ್ತರಕ್ಕೆ ನಿಲ್ಲುತ್ತದೆ. ಇದನ್ನು ಮೊದಲು ಕಂಡದ್ದು ಆ ಮಾತು ಕಡಿಮೆಯ ಹುಡುಗ. ಸಾಲು ತುಂಬಿದ ಮೇಲೆ ಅಂಗೈಯನ್ನು ತಟ್ಟೆಗಳ ತಲೆಯ ಮೇಲೆ ಮೆಲ್ಲಗೆ ಸವರಿಕೊಂಡು ಹೋಗುತ್ತಿದ್ದ. ಕೈಗೆ ಏನೋ ತಾಗಿದರೆ ನಿಲ್ಲಿಸಿ, ಆ ತಟ್ಟೆ ತೆಗೆದು, ಎರಡನ್ನು ಬಿಡಿಸುತ್ತಿದ್ದ. ಯಾರೂ ಹೇಳಿಕೊಟ್ಟಿರಲಿಲ್ಲ. ಅವನು ತಪಾಸಣೆ ಮಾಡುತ್ತಿದ್ದ.

ಈ ಕಥೆಯನ್ನು ಇಷ್ಟು ಉದ್ದ ಹೇಳಿದ್ದು ನೀವು ಇದೇ ಸ್ಟ್ಯಾಂಡ್ ಮಾಡಲಿ ಅಂತ ಅಲ್ಲ. ನಿಮ್ಮ ಮಕ್ಕಳು ಬೇರೆ ಏನನ್ನೋ ಹಿಡಿಯಬಹುದು. ಹಿಡಿಯಲು ಅವಕಾಶ ಬೇಕು. ನಾವು ದೊಡ್ಡವರು ಉಪಾಯ ಹೇಳಿಬಿಡುವ ಆತುರದಲ್ಲಿ ಇರುತ್ತೇವೆ.

ಇನ್ನು ಅವರ ಅಭಿಪ್ರಾಯ ಕೇಳುವ ರೀತಿ. ಇದರಲ್ಲಿ ತುಂಬ ಜನ ಎಡವುತ್ತಾರೆ. ‘ಇದು ಚೆನ್ನಾಗಿದೆಯಾ?’ ಅಂತ ಕೇಳಿದರೆ ನಿಮ್ಮ ಮಕ್ಕಳು ‘ಹೂಂ’ ಅನ್ನುತ್ತಾರೆ. ಕೆಟ್ಟದ್ದನ್ನು ತೋರಿಸಿದರೂ ‘ಹೂಂ’. ವರ್ಷಗಟ್ಟಲೆ ದೊಡ್ಡವರನ್ನು ಮೆಚ್ಚಿಸಿ ಬದುಕಿದ ಮಕ್ಕಳು ಅವರು. ಅದಕ್ಕೇ ಬಾಯಿಂದ ಕೇಳಬೇಡಿ, ಕೈಯಿಂದ ಕೇಳಿ. ಎರಡು ಮಾದರಿ ಮಾಡಿ ಪಕ್ಕಪಕ್ಕ ಇಡಿ. ಎರಡರಲ್ಲೂ ಕೆಲಸ ಮಾಡಿಸಿ. ಮರುದಿನ ಬೆಳಿಗ್ಗೆ ಎಡ ಬಲ ಅದಲು ಬದಲು ಮಾಡಿ ಇಟ್ಟು, ಅವರು ತಾವಾಗಿ ಯಾವುದರ ಮುಂದೆ ಕೂರುತ್ತಾರೆ ನೋಡಿ. ಅದು ಅವರ ನಿಜವಾದ ಉತ್ತರ. ಮೊದಲ ಮಾದರಿಗಳೆಲ್ಲ ರಟ್ಟಿನಲ್ಲೇ ಇರಲಿ, ಅಳತೆ ಮಾತ್ರ ಪೂರ್ತಿ ಇರಲಿ. ರಟ್ಟು ಹರಿದರೆ ಯಾರಿಗೂ ಬೇಜಾರಿಲ್ಲ. ಬಡಗಿಯಿಂದ ಚೆಂದ ಮಾಡಿಸಿ ತಂದರೆ ಅದನ್ನು ಕತ್ತರಿಸಲು ನಮಗೇ ಮನಸ್ಸು ಬರುವುದಿಲ್ಲ.

ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಸೀಳೂ ಅಗಲ ಮಾಡಿ, ಮೇಜೂ ಎತ್ತರ ಮಾಡಿದರೆ ಯಾವುದರಿಂದ ಸರಿಹೋಯಿತು ಗೊತ್ತಾಗುವುದಿಲ್ಲ. ಲೆಕ್ಕವನ್ನು ಮಕ್ಕಳೇ ಇಡಲಿ. ಕಟ್ಟು ಸರಿ ಇದ್ದರೆ ಒಂದು ಅಡಿಕೆ ಈ ಬಾಟಲಿಗೆ, ತಪ್ಪಿದ್ದರೆ ಆ ಬಾಟಲಿಗೆ. ಗಾಜಿನಂತೆ ಪಾರದರ್ಶಕ ಬಾಟಲಿ ಇರಲಿ. ಶನಿವಾರ ಎರಡು ಬಾಟಲಿ ಪಕ್ಕ ಇಟ್ಟರೆ ಅವರಿಗೂ ಕಾಣುತ್ತದೆ, ಅಪ್ಪ ಅಮ್ಮನಿಗೂ ಕಾಣುತ್ತದೆ. ಐಇಪಿಯಲ್ಲಿ (ಒಂದೊಂದು ಮಗುವಿಗೂ ಬೇರೆಯಾಗಿ ಬರೆಯುವ ಕಲಿಕೆಯ ಯೋಜನೆ) ಬರೆಯಲು ನಿಮಗೂ ಅಂಕಿ ಸಿಗುತ್ತದೆ. ಐಇಪಿಯಲ್ಲಿ ‘25 ತಟ್ಟೆ ಕಟ್ಟುತ್ತಾನೆ’ ಅನ್ನುವ ಗುರಿಯ ಕೆಳಗೆ ‘ಕೆಲಸ ಕೆಟ್ಟ ಜಾಗವನ್ನು ತೋರಿಸುತ್ತಾನೆ’, ‘ಎರಡು ಮಾದರಿ ಬಳಸಿ ನೋಡಿ ಒಂದನ್ನು ಆರಿಸುತ್ತಾನೆ’ ಅಂತಲೂ ಬರೆಯಿರಿ. ಡಿಸೈನ್ ಕಲಿಕೆ ಇರುವುದು ಆ ಎರಡು ಸಾಲಿನಲ್ಲಿ.

ಟಾಸ್ಕ್ ಅನಾಲಿಸಿಸ್, ಅಂದರೆ ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಬಿಡಿಸುವುದು, ನಿಮಗೆ ಗೊತ್ತಿರುತ್ತದೆ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಮಾತು ಮಾತ್ರ. ಕೆಲಸವನ್ನು ಹಿಂದಿನಿಂದ ಕಲಿಸಿ. ಮೊದಲ ದಿನ ಎಲ್ಲವನ್ನೂ ನೀವು ಮಾಡಿ, ಕೊನೆಯಲ್ಲಿ ಕಟ್ಟನ್ನು ಪೆಟ್ಟಿಗೆಗೆ ಇಡುವುದನ್ನು ಮಗುವಿಗೆ ಬಿಡಿ. ಮುಗಿಸಿದ ಖುಷಿ ಮೊದಲ ದಿನವೇ ಸಿಗುತ್ತದೆ. ಆಮೇಲೆ ಅದರ ಹಿಂದಿನ ಹೆಜ್ಜೆ, ಅದರ ಹಿಂದಿನದು.

ಎಚ್ಚರಿಕೆಯ ಮಾತೂ ಹೇಳಲೇಬೇಕು. ಘಟಕದವರು ಪ್ರೀತಿಯಿಂದ ‘ಪ್ರೆಸ್ ಮೇಲೂ ಕೂರಿಸಿ’ ಅನ್ನಬಹುದು. ಈಗಲೇ ಬೇಡ. ತಟ್ಟೆ ಒತ್ತುವ ಅಚ್ಚು ಕೈ ಸುಡುವಷ್ಟು ಬಿಸಿ ಇರುತ್ತದೆ. ಫಿಟ್ಸ್ ಬರುವ ಮಗು ಇದ್ದರೆ ಪ್ರೆಸ್ಸು, ಅಡಿಕೆ ಬೇಯಿಸುವ ಹಂಡೆ, ಮೆಟ್ಟುಗತ್ತಿ ಮೂರರಿಂದಲೂ ದೂರ ಇರಲಿ. ಮುಂದೆ ದೊಡ್ಡವರಾದ ಮೇಲೆ ಪ್ರೆಸ್ ಕೆಲಸಕ್ಕೆ ಹೋಗುವುದೇ ಆದರೆ, ಎರಡೂ ಕೈಯಿಂದ ಎರಡು ಗುಂಡಿ ಒತ್ತಿದರೆ ಮಾತ್ರ ಅಚ್ಚು ಇಳಿಯುವ ವ್ಯವಸ್ಥೆ ಇರಬೇಕು. ಕೈ ಗುಂಡಿಯ ಮೇಲಿದ್ದರೆ ಅಚ್ಚಿನ ಕೆಳಗೆ ಇರಲಾರದು. ಇದೂ ಪೋಕಾ-ಯೋಕೆಯೇ, ಮಕ್ಕಳಿಗೆ ತೋರಿಸಲು ಒಳ್ಳೆಯ ಉದಾಹರಣೆ. ಆಟಿಸಂ ಇರುವವರಿಗೆ ಮೋಟಾರಿನ ಸದ್ದು ಸಹಿಸಲು ಆಗದಿದ್ದರೆ ಕಿವಿಗೆ ಇಯರ್ ಮಫ್ ಹಾಕಿಸಿ, ಇಲ್ಲವೇ ಅವರ ಮೇಜನ್ನು ಗೋಡೆಯಾಚೆ ಹಾಕಿಸಿ. ಮಳೆಗಾಲದಲ್ಲಿ ತಟ್ಟೆಗೆ ಬೂಷ್ಟು ಬರುತ್ತದೆ. ಬೂಷ್ಟು ಹಿಡಿದದ್ದನ್ನು ಆರಿಸಿ ಬದಿಗಿಡುವುದನ್ನೂ ಕಲಿಸಿ. ಅಲ್ಲಿ ಒಂದು ಒಳ್ಳೆ ತಟ್ಟೆ, ಒಂದು ಕೆಟ್ಟ ತಟ್ಟೆಯನ್ನು ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರೆ ಸಾಕು, ಪಟ್ಟಿ ಬೇಡ.

ಕೂಲಿಯ ವಿಷಯದಲ್ಲಿ ಸಂಕೋಚ ಬೇಡ. ಘಟಕದ ಬೇರೆಯವರಿಗೆ ಕಟ್ಟಿಗೆ ಎಷ್ಟು ಕೊಡುತ್ತಾರೋ ಅಷ್ಟೇ ಇವರಿಗೂ ಕೊಡಬೇಕು. ಅದನ್ನು ಮೊದಲೇ ಮಾತಾಡಿ. ನಿಮ್ಮ ತರಗತಿಯಲ್ಲಿ 19 ವರ್ಷದವರೂ ಇದ್ದಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಉಚಿತ ಶಿಕ್ಷಣದ ಹಕ್ಕು ಇರುವುದು 6ರಿಂದ 18 ವರ್ಷದವರೆಗೆ. ಹದಿನೆಂಟಾದ ಮೇಲೆ ಮನೆಯ ಜಗಲಿಯಲ್ಲಿ ಕೂತುಬಿಡುವ ಮಕ್ಕಳನ್ನು ನಾವಿಬ್ಬರೂ ಬೇಕಾದಷ್ಟು ನೋಡಿದ್ದೇವೆ. ಅದೇ ಕಾಯ್ದೆಯಲ್ಲಿ ಸರ್ಕಾರಿ ಕೆಲಸದಲ್ಲಿ 4 ಶೇಕಡಾ ಮೀಸಲಾತಿ ಇದೆ. ಆಟಿಸಂ, ಬೌದ್ಧಿಕ ಅಸಾಮರ್ಥ್ಯ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ಬಹುವಿಧ ಅಂಗವೈಕಲ್ಯ ಎಲ್ಲ ಸೇರಿ ಅದರಲ್ಲಿ 1 ಶೇಕಡಾ. ಯುಡಿಐಡಿ ಕಾರ್ಡ್ (ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಇನ್ನೂ ಮಾಡಿಸದವರಿದ್ದರೆ ಈಗಲೇ ಮಾಡಿಸಿ. ಆದರೆ ನಿಮ್ಮೂರಿನ ಮಗುವಿಗೆ ಹತ್ತಿರದ ಕೆಲಸ ಸಿಗುವುದು ಹೆಚ್ಚಾಗಿ ಇಂಥ ಘಟಕದಲ್ಲೇ, ಉಪ್ಪಿನಕಾಯಿ ಪ್ಯಾಕಿಂಗಿನಲ್ಲೇ, ನರ್ಸರಿಯಲ್ಲೇ. ಅಲ್ಲಿಗೆ ಹೋಗುವಾಗ ಮಗುವಿನ ಜೊತೆ ಅದರ ಸಲಕರಣೆಯೂ ಹೋಗಬೇಕು. ನಾನು ಹೇಳಿದ ಆ ಮಾತು ಕಡಿಮೆಯ ಹುಡುಗ ತನ್ನ ದಬ್ಬೆ ಸ್ಟ್ಯಾಂಡನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೆಲಸಕ್ಕೆ ಹೋದ. ಎರಡು ವಾರ ಆದ ಮೇಲೆ ಅಲ್ಲಿ ಕಟ್ಟು ಮಾಡುತ್ತಿದ್ದ ಹೆಂಗಸರೇ ‘ನಮಗೂ ಒಂದೊಂದು ಬೇಕು’ ಅಂದರು. ಎಣಿಸುತ್ತ ಮಾತಾಡಿದರೆ ಅವರಿಗೂ ಲೆಕ್ಕ ತಪ್ಪುತ್ತಿತ್ತಂತೆ. ಶಾಲೆಯಲ್ಲೇ ಇನ್ನೂ ನಾಲ್ಕು ಮಾಡಿದೆವು. ಸೀಳಿನ ಬಾಯಿ ಸಾಕಷ್ಟು ಅಗಲ ಆಗಿದೆಯಾ ಅಂತ ಪರೀಕ್ಷೆ ಮಾಡಿ ಒಪ್ಪಿಗೆ ಕೊಟ್ಟಿದ್ದು ಆ ಹುಡುಗಿ.

ಶುರು ಮಾಡುವುದು ಹೀಗೆ. ಘಟಕದಿಂದ ಬಿರುಕು ಬಿಟ್ಟ, ಮಾರಲು ಆಗದ ತಟ್ಟೆ ಒಂದು ಚೀಲ ತರಿಸಿ. ಮೊದಲ ಮೂರು ದಿನ ಏನನ್ನೂ ತಿದ್ದಬೇಡಿ. ಮಕ್ಕಳು ಕಟ್ಟು ಮಾಡಲಿ, ನೀವು ಪಕ್ಕದಲ್ಲಿ ಕೂತು ನೋಡಿ. ಕೈ ಎಲ್ಲಿ ನಿಲ್ಲುತ್ತದೆ, ಕಣ್ಣು ಯಾವಾಗ ನಿಮ್ಮ ಮುಖ ಹುಡುಕುತ್ತದೆ, ಯಾವ ತಟ್ಟೆ ಜಾರಿ ನೆಲಕ್ಕೆ ಬೀಳುತ್ತದೆ ಅಂತ ಬರೆದುಕೊಳ್ಳಿ. ಮೊಬೈಲಿನಲ್ಲಿ ಆ ಜಾಗಗಳ ಫೋಟೊ ತೆಗೆಯಿರಿ. ನಾಲ್ಕನೇ ದಿನ ಆ ಫೋಟೊಗಳನ್ನು ನೆಲದ ಮೇಲೆ ಹರಡಿ, ‘ಎಲ್ಲಿ ಕಷ್ಟ ಆಯ್ತು?’ ಅಂತ ಒಂದೇ ಮಾತು ಕೇಳಿ. ಯಾರಾದರೂ ಒಬ್ಬರು ಒಂದು ಫೋಟೊದ ಮೇಲೆ ಕೈ ಇಡುವವರೆಗೆ ಕಾಯಿರಿ. ಹತ್ತು ನಿಮಿಷ ಆದರೂ ಕಾಯಿರಿ. ಆ ಫೋಟೊದಿಂದ ಕೆಲಸ ಶುರು ಮಾಡಿ.